ಚಿಲಕದ ಆಚೆ

ಏಳು ಬಾಗಿಲುಗಳ ಒಂದು ಶಾಲೆಯಲ್ಲಿ ಒಬ್ಬರು ಹೆಡ್‌ಮಿಸ್ ಇದ್ದರು. ಬೆಳಿಗ್ಗೆ ಶಿಕ್ಷಕರನ್ನೆಲ್ಲ ಸೇರಿಸಿ, "ತೆರೆದ ಬಾಗಿಲು ಕಂಡ್ರೆ ತಕ್ಷಣ ಚಿಲಕ ಹಾಕಿ. ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ!" ಎಂದು ಗದರಿದ್ದರು.

ಮಧ್ಯಾಹ್ನ ಅವರು ಆಟದ ಸಾಮಾನಿನ ಕೋಣೆಯೊಳಗೆ ಹೋಗಿ ನೋಡುತ್ತಿದ್ದಾಗ, ಯಾರೋ ವಿಧೇಯ ಮೇಷ್ಟ್ರು ಒಳಗೆ ಇಣುಕದೆಯೇ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು. ಶಾಲೆಯ ಸುರಕ್ಷತೆ ನೋಡಲು ಬಂದ ಅಧಿಕಾರಿಯ ಜೀಪು ಆಗಲೇ ಗೇಟಿನಲ್ಲಿತ್ತು.

ಕಿಟಕಿಯಾಚೆ ಒಂದನೇ ತರಗತಿಯ ಹುಡುಗಿಯೊಬ್ಬಳು ಕಂಡಳು.

"ಪುಟ್ಟೀ, ಬೇಗ ಚಿಲಕ ತೆಗಿಯೇ!"

ಹುಡುಗಿ ಕೈಗಳನ್ನು ಹಿಂದೆ ಕಟ್ಟಿಕೊಂಡಳು. "ಏನ್ ತಪ್ಪು ಮಾಡಿದ್ರಿ ಮಿಸ್?"

"ಏನೂ ಮಾಡಿಲ್ಲ ಕಣೇ, ದೇವರಾಣೆ!"

"ಎಲ್ರೂ ಹಂಗೇ ಅಂತಾರೆ. ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬನ್ನಿ, ಆಮೇಲೆ ನೋಡಾಣ."