ವಕಾಲತ್ತು

ದೇವರಿದ್ದಾನೆಂದು ತರ್ಕದಿಂದ ಸಾಧಿಸಿ ತೋರಿಸುವುದರಲ್ಲಿ ಚರ್ಚಿನ ಸತ್ಯಮಿತ್ರ ಉಪದೇಶಿಗಳನ್ನು ಸೋಲಿಸಿದವರಿರಲಿಲ್ಲ. ಅವರ ಸಭೆಗಳಿಂದ ನಾಸ್ತಿಕರು ಉತ್ತರ ತೋಚದೆ ಎದ್ದುಹೋಗುತ್ತಿದ್ದರು. ಈಗ ಅವರ ಹೆಂಡತಿಯನ್ನು ಹೃದಯದ ಶಸ್ತ್ರಚಿಕಿತ್ಸೆಗೆ ಒಯ್ಯುವ ಹೊತ್ತು ಹತ್ತಿರವಾಗಿತ್ತು.

"ನನ್ನ ಸಲುವಾಗಿ ಒಂದು ಪ್ರಾರ್ಥನೆ ಮಾಡ್ರಿ," ಎಂದರು ಆಕೆ.

ಉಪದೇಶಿಗಳು ಕಣ್ಣು ಮುಚ್ಚಿದರು. "ಈ ಜಗತ್ತು ತಾನಾಗಿ ಉಂಟಾಗಲಾರದು. ಆದ್ದರಿಂದ ಒಬ್ಬ ಕರ್ತನಿದ್ದಾನೆ. ಅವನು ದಯಾಮಯನು..."

"ಅದನ್ನ ನನಗ್ಯಾಕ ಹೇಳ್ತೀರಿ? ನಾ ಯಾವಾಗೋ ಒಪ್ಪೀನಲ್ಲ. ಅವನ ಕೂಡ ಮಾತಾಡ್ರಿ."

ಅವರು ಮತ್ತೆ ಕಣ್ಣು ಮುಚ್ಚಿದರು. "ಕ್ರಿಸ್ತನು ಸತ್ತು ಎದ್ದದ್ದಕ್ಕೆ ಸಾಕ್ಷಿಗಳಿದ್ದಾರೆ..."

"ಮತ್ತ ಭಾಷಣ! ಅವನ ಪರಿಚಯನ ಇಲ್ಲೇನ್ರಿ ನಿಮಗ?"

ಆ ಮಾತು ಅವರನ್ನು ಕೆರಳಿಸಿತು. ಉತ್ತರ ಕೊಡುವಷ್ಟರಲ್ಲಿ ದಾದಿಯರು ಬಂದು ಮಂಚವನ್ನು ತಳ್ಳಿಕೊಂಡು ಹೊರಟರು. ಉಪದೇಶಿಗಳು ಹಿಂದೆಯೇ ಓಡಿದರು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ಅವರನ್ನು ತಡೆದು ನಿಲ್ಲಿಸಲಾಯಿತು. ಅವರು ತಲೆಯೆತ್ತಿ, ಮೇಲೆ ನೋಡಿ, ಗಂಟಲು ಹರಿಯುವಂತೆ ಕೂಗಿದರು:

"ಜನ್ಮವಿಡೀ ನಿನ್ನ ಪರ ವಕಾಲತ್ತು ಮಾಡೀನಿ! ಇಕೀನ್ನ ಉಳಿಸಿ ಕೊಡಾಕ ಆಗೂದಿಲ್ಲೇನು ನಿನಗ? ಅದೀಯೋ, ಇಲ್ಲೋ?"

ಮುಚ್ಚುತ್ತಿದ್ದ ಬಾಗಿಲಿನಾಚೆಯಿಂದ ಹೆಂಡತಿಯ ದನಿ ಕೇಳಿಸಿತು: "ಆಮೆನ್."