ಕಡಲಕುದುರೆಯ ಫೋಟೊ

ಕಡಲ ನಡುವಿನ ಗುಡ್ಡೆಯ ಬುಡದಲ್ಲಿ ಚಿಪ್ಪು ಕೀಳಲು ದಾಮು ಮುಳುಗುವಾಗ ಅವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದೆವು. ಮೇಲಿನ ತುದಿ ದೋಣಿಯಲ್ಲಿ ಕೂತ ನನ್ನದು. ಕೈ ಜಾರದಿರಲಿ ಎಂದು ಅವನ ಹೆಂಡತಿ ಮಾದೇವಿ ಆ ತುದಿಗೆ ತನ್ನ ಹಿತ್ತಾಳೆ ಕಡಗ ಕಟ್ಟಿದ್ದಳು. ನೀಲಿ ನೈಲಾನಿನ ಜೊತೆ ಕೆಂಪು ಎಳೆ ಹೊಸೆದವಳೂ ಅವಳೇ. ಕಡಗವನ್ನು ಮುಂಗೈಗೆ ತೊಟ್ಟು ನಾನು ಕಾಯುತ್ತಿದ್ದೆ.

ಒಂದು ದಿನ ದಾಮು ಮೇಲೆ ಬರಲಿಲ್ಲ. ಬಂಡೆಗೆ ಉಜ್ಜಿ ಹಗ್ಗ ನಡುವೆ ತುಂಡಾಯಿತೆಂದು ಹೇಳಿ, ಕಡಗವನ್ನು ಮಾದೇವಿಯ ಕೈಗಿಟ್ಟೆ. ಮೂವತ್ತು ವರ್ಷವಾಯಿತು, ಅದು ಅವಳ ದೇವರ ಮುಂದಿದೆ. ಇವತ್ತಿಗೂ ಕೆಲವೊಮ್ಮೆ ನನ್ನ ಮುಂಗೈಯನ್ನು ಯಾರೋ ಕೆಳಕ್ಕೆ ಜಗ್ಗಿದಂತಾಗುತ್ತದೆ.

ಮೊನ್ನೆ ನೀರಡಿಯ ಜೀವಿಗಳ ಫೋಟೊ ತೆಗೆಯುವ ಹುಡುಗಿಯೊಬ್ಬಳು ನನ್ನ ದೋಣಿ ಹತ್ತಿದಳು. ಆ ಗುಡ್ಡೆ ಬೇಡವೆಂದೆ, ಅವಳು ಕೇಳಲಿಲ್ಲ. ದಡಕ್ಕೆ ಮರಳಿದ ಮೇಲೆ, ಮೀನು ಒಣಗಿಸುತ್ತಿದ್ದ ಮಾದೇವಿಯ ಪಕ್ಕ ಕೂತು ಕ್ಯಾಮೆರಾ ತೋರಿಸಿದಳು.

"ಅಜ್ಜಿ, ಕಡಲಕುದುರೆ ನೋಡಿ. ಬಾಲ ಹೇಗೆ ಸುತ್ತಿಕೊಂಡಿದೆ!"

"ಅಯ್ಯ, ಬೆರಳುದ್ದ ಇಲ್ಲ, ಕುದುರೆ ಅಂತ ಹೆಸರು ಬೇರೆ!" ಮಾದೇವಿ ನಕ್ಕಳು. "ಅದು ಎಂತದಕ್ಕೆ ಸುತ್ತಿಕೊಂಡದೆ ಮಗಾ? ಚೂರು ದೊಡ್ಡದು ಮಾಡು."

ಹುಡುಗಿ ಚಿತ್ರ ಹಿಗ್ಗಿಸಿದಳು. ಪಾಚಿಯ ನಡುವೆ ನೀಲಿ ಹಗ್ಗ, ಅದರಲ್ಲೊಂದು ಕೆಂಪು ಎಳೆ. ತುದಿಯ ಗಂಟಿನಲ್ಲಿ ಹಿತ್ತಾಳೆ ಕಡಗ.

ನಾನು ದೋಣಿಯ ನೀರು ಮೊಗೆಯುತ್ತಲೇ ಇದ್ದೆ. ಮಾದೇವಿ ಚಿತ್ರದ ಕಡಗದ ಮೇಲೆ ಬೆರಳಿಟ್ಟಳು.

"ಅಣ್ಣಾ," ಎಂದಳು, ತಲೆ ಎತ್ತದೆ. "ಮೂವತ್ತು ವರ್ಷ ನಾ ಹೂ ಇಟ್ಟದ್ದು ಯಾವ ಕಡಗಕ್ಕೆ?"