ತೆಗೆಯದ ಬಾಗಿಲು

ಪೇಟೆ ಬೀದಿಯಲ್ಲಿ ಒಬ್ಬ ಕಂಡಕಂಡವರ ಮೇಲೆ ಗುಂಡು ಹಾರಿಸತೊಡಗಿದಾಗ ಪದ್ಮರಾಜ ತನ್ನ ಬಟ್ಟೆ ಅಂಗಡಿಯ ಷಟರ್ ಎಳೆದುಬಿಟ್ಟ. ಒಳಗೆ ಒಂಬತ್ತು ಗಿರಾಕಿಗಳಿದ್ದರು. ಯಾರೋ ಹೊರಗಿನಿಂದ ಬಡಿದರು.

"ನಾನು ಹನುಮಕ್ಕ. ಬಾಗಿಲು ತೆಗಿಯಣ್ಣ."

ಅಂಗಡಿಯೆದುರು ಹೂ ಮಾರುವವಳು. ಪದ್ಮರಾಜ ಕದಲಲಿಲ್ಲ. ಮರುಕ್ಷಣ ಗುಂಡಿನ ಸದ್ದು ಕೇಳಿತು.

ಬೀದಿಯಲ್ಲಿ ಆರು ಜನ ಸತ್ತರು. ಗುಂಡು ತಗುಲಿದ್ದರೂ ಹನುಮಕ್ಕ ಹೇಗೋ ಉಳಿದಳು. ಪದ್ಮರಾಜನಿಗೆ ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೆಯ ದಿನ ಆಸ್ಪತ್ರೆಗೆ ಹೋಗಿ ಅವಳ ಮಂಚದ ಬಳಿ ನಿಂತ.

"ನಿನ್ನ ದನಿ ಗುರುತು ಸಿಕ್ಕಿತ್ತು ಕಣಕ್ಕ. ಆದ್ರೂ ತೆಗೀಲಿಲ್ಲ. ತಪ್ಪಾಯ್ತು."

ಹನುಮಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

"ತಪ್ಪು ನಂದಣ್ಣ. ಅವನು ನನ್ನ ಬೆನ್ನಿಗೆ ಬಂದೂಕು ಇಟ್ಟು, ಕೂಗಿ ಬಾಗಿಲು ತೆಗೆಸು ಅಂದ. ನಾನು ಕೂಗಿದೆ."